ಒಂದೇ ಸೀನಲ್ಲಿ ವಾಸಿಯಾಗೋ ಮಕ್ಕಳು

"ಮೇಡಂ, ಇವ್ಳು ಇನ್ನೂ ಅತ್ತೇ ಇಲ್ಲ. ಹೆಂಗಾದ್ರೂ ಮಾಡಿ ಒಂದ್ಸಲ ಅಳಿಸಿಬಿಡಿ, ಒಳಗಿರೋದೆಲ್ಲ ಹೊರಗೆ ಬಂದ್ಬಿಟ್ರೆ ಸರಿ ಹೋಗ್ತಾಳೆ."

ಮಕ್ಕಳ ಕೌನ್ಸೆಲಿಂಗ್ ಕೆಲಸಕ್ಕೆ ಬಂದು ಹದಿನಾರು ವರ್ಷ ಆಯ್ತು, ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಅಪ್ಪಂದಿರು ಹೇಳ್ತಾರೆ, ಅಜ್ಜಿಯರು ಹೇಳ್ತಾರೆ, ಒಬ್ರು ಹೆಡ್‌ಮಾಸ್ಟರು ಮಗುನ ಕೈ ಹಿಡ್ಕೊಂಡು ಕರ್ಕೊಂಡ್ಬಂದು ಇದನ್ನೇ ಹೇಳಿದ್ರು. ಎಲ್ರೂ ಪ್ರೀತಿಯಿಂದಲೇ ಹೇಳೋದು. ಆದ್ರೆ ಈ ನಂಬಿಕೆ ಬಂದಿದ್ದು ಎಲ್ಲಿಂದ ಅಂತ ಹುಡುಕ್ಕೊಂಡು ಹೋದ್ರೆ ನಾವೆಲ್ಲ ನೋಡಿ ಬೆಳೆದ ಸಿನಿಮಾ, ಸೀರಿಯಲ್ಲು, ಓದಿದ ಕಾದಂಬರಿಗಳ ಹತ್ರ ಹೋಗಿ ನಿಲ್ಲತ್ತೆ. ಅಲ್ಲಿ ಮಗುಗೆ ಏನೋ ಭಯಂಕರ ಆಗಿರತ್ತೆ, ಮಗು ಕಲ್ಲಿನ ಥರ ಕೂತಿರತ್ತೆ, ಒಬ್ಬ ಒಳ್ಳೆ ಮೇಷ್ಟ್ರೋ ಡಾಕ್ಟ್ರೋ ಬರ್ತಾರೆ, ಕೊನೆಗೆ ಒಂದು ದಿನ ಮಗು ಕಿರುಚಿ ಅತ್ತು ಎಲ್ಲ ಹೇಳ್ಬಿಡತ್ತೆ, ಮುಂದಿನ ಸೀನಲ್ಲಿ ಪಾರ್ಕಲ್ಲಿ ಜೋಕಾಲಿ ಆಡ್ತಿರತ್ತೆ. ನೋಡೋ ನಮ್ಗೂ ಕಣ್ಣು ಒದ್ದೆ ಆಗಿರತ್ತೆ. ಮನೇಲಿ ನಿಜವಾಗ್ಲೂ ಅಂಥ ಮಗು ಇದ್ದಾಗ ಜನ ಆ ಸೀನಿಗೆ ಕಾಯ್ತಾ ಕೂರ್ತಾರೆ, ಅದು ಬರಲ್ಲ, ಅಷ್ಟರಲ್ಲಿ ನಿಜವಾದ ಚೇತರಿಕೆ ಕಣ್ಮುಂದೆನೇ ಶುರುವಾಗಿರತ್ತೆ, ಅದನ್ನ ಗುರುತಿಸೋಕೇ ಆಗಲ್ಲ. ನನ್ನ ತಕರಾರು ಇಷ್ಟೇ, ಆದ್ರೆ ಇದು ಸಣ್ಣ ತಕರಾರು ಅಂತ ನಂಗೆ ಅನ್ಸಲ್ಲ.

ಒಂದು ಮಗುವಿನ ವಿಷ್ಯ ಹೇಳ್ತೀನಿ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಘಟನೆ ಎಲ್ಲ ಬದಲಾಯಿಸಿದೀನಿ, ಮೂರ್ನಾಲ್ಕು ಮಕ್ಕಳನ್ನ ಒಂದು ಮಾಡಿದೀನಿ. ಏಳು ವರ್ಷದ ಹುಡುಗಿ, ಬಸ್ ಆಕ್ಸಿಡೆಂಟಲ್ಲಿ ಪಕ್ಕದಲ್ಲಿ ಕೂತಿದ್ದ ಸೋದರಮಾವನ್ನ ಕಳ್ಕೊಂಡಿದ್ಲು. ನನ್ನ ರೂಮಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಸ್ ಇದೆ, ಮುಂದಿನ ಒಂದು ಚಕ್ರ ಸರಿಯಾಗಿ ತಿರುಗಲ್ಲ. ಮೊದಲ ದಿನಾನೇ ಅದನ್ನ ತಗೊಂಡ್ಲು. ಟೇಬಲ್ ಮೇಲೆ ನಿಧಾನಕ್ಕೆ ಓಡಿಸ್ಕೊಂಡು ಬರೋಳು, ಅಂಚಿಗೆ ಬಂದ ತಕ್ಷಣ ಕೆಳಗೆ ಬೀಳಿಸೋಳು, "ಬಿತ್ತು" ಅನ್ನೋಳು, ಎತ್ಕೊಂಡು ಮತ್ತೆ ಅದೇ ಜಾಗದಿಂದ ಶುರು. ಮುಖದಲ್ಲಿ ಆಟದ ಖುಷಿ ಒಂಚೂರೂ ಇಲ್ಲ. ಮುಕ್ಕಾಲು ಗಂಟೆ ಇದೇ. ಮುಂದಿನ ವಾರ ಇದೇ. ಅದರ ಮುಂದಿನ ವಾರಾನೂ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಬಸ್ ಬಿದ್ದಾಗೆಲ್ಲ "ಹೂಂ, ಬಿತ್ತು" ಅಂತ ಹೇಳೋದು ಬಿಟ್ರೆ ಹೊರಗಿಂದ ನೋಡೋರಿಗೆ ಏನೂ ಮಾಡ್ತಿರ್ಲಿಲ್ಲ, ಅವಳ ಅಮ್ಮನಿಗೆ ಫೀಸ್ ದಂಡ ಅನ್ಸಿದ್ರೂ ನಾನು ತಪ್ಪು ತಿಳ್ಕೋತಿರ್ಲಿಲ್ಲ.

ಇಂಥ ಆಟಕ್ಕೆ ನಮ್ಮ ವಿದ್ಯೆಯಲ್ಲಿ ಒಂದು ಹಿನ್ನೆಲೆ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಅನ್ನೋ ಊರಲ್ಲಿ ಒಂದು ಸ್ಕೂಲ್ ಬಸ್ಸನ್ನ ಬಂದೂಕು ತೋರಿಸಿ ತಡೆದು 26 ಮಕ್ಕಳನ್ನೂ ಡ್ರೈವರನ್ನೂ ಅಪಹರಿಸಿ, ಮಣ್ಣಲ್ಲಿ ಹೂತಿಟ್ಟ ಟ್ರಕ್ಕಿನ ಡಬ್ಬದೊಳಗೆ ಬಿಟ್ಟಿದ್ರು. ಡ್ರೈವರು, ದೊಡ್ಡ ಹುಡುಗ್ರು ಸೇರಿ ದಾರಿ ಮಾಡ್ಕೊಂಡು ಎಲ್ರೂ ಜೀವಂತ ಹೊರಗೆ ಬಂದ್ರು. ಸಿನಿಮಾ ಆಗಿದ್ರೆ ಅಲ್ಲಿಗೇ ಮುಗೀತಿತ್ತು. ಲೆನೋರ್ ಟೆರ್ ಅನ್ನೋ ಮಕ್ಕಳ ಮನೋವೈದ್ಯೆ ಆ ಮಕ್ಕಳನ್ನ ಆಗ್ಲೂ ಮಾತಾಡಿಸಿದ್ರು, ನಾಲ್ಕು ವರ್ಷ ಬಿಟ್ಟು ಮತ್ತೆ ಹೋಗಿ ಮಾತಾಡಿಸಿದ್ರು. ಒಂದೇ ಒಂದು ಮಗುನೂ ಪೂರ್ತಿ ಪಾರಾಗಿರ್ಲಿಲ್ಲ. ಅದೇ ಆಟನ ಸಂತೋಷ ಇಲ್ದೆ ಮತ್ತೆ ಮತ್ತೆ ಆಡೋದು, ಮುಂದೆ ತಮಗೆ ದೊಡ್ಡ ಬದುಕು ಇಲ್ಲ ಅಂದ್ಕೊಳ್ಳೋದು, ಅವತ್ತು ಬೆಳಿಗ್ಗೆ ಹಿಂಗಾಯ್ತು ಅದಕ್ಕೇ ಹಂಗಾಯ್ತು ಅಂತ ಶಕುನ ಹುಡುಕೋದು, ಇದನ್ನೆಲ್ಲ ಅವರು ದಾಖಲಿಸಿದ್ರು. ಕೊನೇದಂತೂ ನಾನು ಪ್ರತಿ ತಿಂಗಳು ನೋಡ್ತೀನಿ. "ನಾನು ಅವತ್ತು ಚಾಕ್ಲೇಟಿಗೆ ಹಟ ಮಾಡಿದ್ದಕ್ಕೇ ಮಾಮ ಸತ್ತೋದ" ಅಂತ ಒಂದು ಮಗು ಎಂಟು ತಿಂಗಳು ಒಳಗೇ ಇಟ್ಕೊಂಡಿರತ್ತೆ, ಮನೇಲಿ ಯಾರಿಗೂ ಗೊತ್ತೇ ಇರಲ್ಲ. ಕಥೆಗಳಲ್ಲಿ ಮಗುಗೆ ದುಃಖ ಇರತ್ತೆ, ಭಯ ಇರತ್ತೆ, ಈ ತಪ್ಪಿತಸ್ಥ ಭಾವನೆ ಮಾತ್ರ ಬಹಳ ಅಪರೂಪಕ್ಕೆ ಕಾಣತ್ತೆ.

ಸಿನಿಮಾದ ಫ್ಲಾಶ್‌ಬ್ಯಾಕೂ ಅಷ್ಟೇ. ಮಗು ಒಂದು ಶಬ್ದ ಕೇಳತ್ತೆ, ಸ್ಕ್ರೀನ್ ಕಪ್ಪು ಬಿಳಿ ಆಗತ್ತೆ, ನಡೆದಿದ್ದೆಲ್ಲ ವಿಡಿಯೋ ಥರ ಓಡತ್ತೆ. ಚಿಕ್ಕ ಮಕ್ಕಳಲ್ಲಿ ನೆನಪು ಹೀಗೆ ಬರೋದು ಕಮ್ಮಿ. ಹೊಟ್ಟೆ ನೋವಾಗಿ ಬರತ್ತೆ, ಎರಡು ವರ್ಷದ ಹಿಂದೆ ನಿಂತಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಆಗಿ ಬರತ್ತೆ, ಅಮ್ಮ ಬಚ್ಚಲಿಗೆ ಹೋದ್ರೂ ಬಾಗಿಲ ಹತ್ರ ಕಾಯೋದಾಗಿ ಬರತ್ತೆ, ಹೋಂವರ್ಕ್ ಪುಸ್ತಕ ಹರಿಯೋ ಸಿಟ್ಟಾಗಿ ಬರತ್ತೆ. ಆರು ವರ್ಷ ಮತ್ತೆ ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಆಘಾತದ ಪರಿಣಾಮ ಗುರುತಿಸೋಕೆ ಬೇರೆ ಅಳತೆ ಬೇಕು ಅಂತ ನಮ್ಮ ರೋಗನಿರ್ಣಯದ ಕೈಪಿಡಿಗೇ ಹೊಳೆದಿದ್ದು 2013ರಲ್ಲಿ, ಹಾಗಿರುವಾಗ ಕಥೆಗಾರರನ್ನ ಮಾತ್ರ ಬೈಯೋದು ನ್ಯಾಯ ಅಲ್ಲ.

ಆದ್ರೂ ಒಂದು ವಿಷ್ಯದಲ್ಲಿ ನಂಗೆ ತುಂಬಾ ಬೇಜಾರಿದೆ. ನಮ್ಮ ಕಥೆಗಳಿಗೆ ನೊಂದ ಮಗು ಮುದ್ದಾಗಿರ್ಬೇಕು. ದೊಡ್ಡ ಕಣ್ಣು, ಮೌನ, ಹೇಳಿದ್ದಕ್ಕೆಲ್ಲ ತಲೆ ಆಡಿಸೋದು. ನಿಜವಾಗ್ಲೂ ಹಿಂಸೆ, ನಿರ್ಲಕ್ಷ್ಯ ಕಂಡು ಬಂದ ಮಕ್ಕಳಲ್ಲಿ ಎಷ್ಟೋ ಜನ ಸುಳ್ಳು ಹೇಳ್ತಾರೆ, ಚಪಾತಿ ಕದ್ದು ದಿಂಬಿನ ಕೆಳಗೆ ಇಡ್ತಾರೆ, ಚಿಕ್ಕ ತಮ್ಮನನ್ನ ಕಚ್ತಾರೆ, ಯಾರು ಹತ್ರ ಬರ್ತಾರೋ ಅವರನ್ನೇ ಮೊದಲು ಒದೀತಾರೆ. ಇದನ್ನ ಸರಿಯಾಗಿ ಬರೆದವರು ಅಂದ್ರೆ ನಂಗೆ ನೆನಪಾಗೋದು ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್, 1911ರಲ್ಲಿ ಬಂದ 'ದಿ ಸೀಕ್ರೆಟ್ ಗಾರ್ಡನ್'. ಅದರ ಮೇರಿ ನಮ್ಮ ದೇಶದಲ್ಲೇ ಹುಟ್ಟಿದ ಬ್ರಿಟಿಷ್ ಹುಡುಗಿ, ಅಪ್ಪ ಅಮ್ಮ ಕಾಲರಾಕ್ಕೆ ಸಾಯ್ತಾರೆ, ಗಡಿಬಿಡೀಲಿ ಬಂಗಲೇಲಿ ಒಂದು ಮಗು ಇದೆ ಅನ್ನೋದನ್ನೇ ಎಲ್ರೂ ಮರ್ತು ಹೋಗಿರ್ತಾರೆ. ಅವಳು ಅಳಲ್ಲ. ಅಪ್ಪ ಅಮ್ಮನ್ನ ನೆನೆಸ್ಕೊಳ್ಳೋದೂ ಇಲ್ಲ, ನೆನೆಸ್ಕೊಳ್ಳೋ ಅಷ್ಟು ಅವರು ಅವಳಿಗೆ ಸಿಕ್ಕೇ ಇರ್ಲಿಲ್ಲ. ಸಿಡುಕಿ, ಎಲ್ರ ಮೇಲೂ ಅಧಿಕಾರ ಮಾಡೋಳು. ಅವಳು ಚೇತರಿಸ್ಕೊಳ್ಳೋದನ್ನ ಬರ್ನೆಟ್ ತೋರಿಸೋದು ಹೇಗೆ ಅಂದ್ರೆ, ಮೊದಲು ತಟ್ಟೆ ದೂಡ್ತಿದ್ದ ಹುಡುಗಿ ಗಾಳಿಗೆ ಓಡಾಡಿ ಬಂದು ಗಂಜಿ ಪೂರ್ತಿ ತಿಂದ್ಲು ಅಂತ! ಎರಡು ಗಂಟೆ ಸಿನಿಮಾದಲ್ಲಿ ಎಂಟು ತಿಂಗಳ ಥೆರಪಿ ತೋರಿಸೋಕಾಗಲ್ಲ ಅಂತ ಡೈರೆಕ್ಟರುಗಳು ಹೇಳೋದನ್ನ ಕೇಳಿದೀನಿ, ಒಪ್ತೀನಿ, ಆದ್ರೆ ಒಂದು ಖಾಲಿ ಬಟ್ಟಲು ತೋರಿಸೋಕೆ ನಾಕು ಸೆಕೆಂಡ್ ಸಾಕಲ್ವಾ. ಅದೇ ಪುಸ್ತಕದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಕಾಲಿನ್ ಸಿಟ್ಟಲ್ಲಿ ಎದ್ದು ನಿಂತುಬಿಡ್ತಾನೆ, ಆ ಭಾಗ ನಂಗೆ ಅಷ್ಟು ಹಿಡಿಸಲ್ಲ.

'ಹೈಡಿ' ಅನ್ನೋ ಹಳೇ ಮಕ್ಕಳ ಕಾದಂಬರಿಯಲ್ಲೂ ಇಂಥ ಒಂದು ನಿಜ ಇದೆ. ಬೆಟ್ಟದ ಮೇಲಿನ ಅಜ್ಜನ ಮನೆಯಿಂದ ಫ್ರಾಂಕ್‌ಫರ್ಟಿಗೆ ತಂದಿಟ್ಟ ಹುಡುಗಿ, ಹಗಲು ಅಳು ನುಂಗ್ಕೊಂಡಿರ್ತಾಳೆ, ರಾತ್ರಿ ನಿದ್ದೇಲಿ ಎದ್ದು ಹೋಗಿ ಮನೆ ಬಾಗಿಲು ತೆಗೀತಾಳೆ, ಮನೆಯವ್ರಿಗೆ ದೆವ್ವ ಅಂತ ಹೆದರಿಕೆ. ನಮ್ಮ ಕಡೆ ಮಕ್ಕಳನ್ನ ಕರ್ಕೊಂಡು ಬರೋವಾಗ ಅರ್ಧಕ್ಕರ್ಧ ಮಕ್ಕಳ ತೋಳಲ್ಲಿ ತಾಯತ ಇರತ್ತೆ, ನಾನು ಅದನ್ನ ಬಿಚ್ಚಿ ಅಂತ ಯಾವತ್ತೂ ಹೇಳಲ್ಲ. ಅಜ್ಜಿ ಮಗುನ ತೊಡೆ ಮೇಲೆ ಕೂರಿಸ್ಕೊಂಡು ದೃಷ್ಟಿ ತೆಗೆಯೋದ್ರಲ್ಲಿ ಆ ತೊಡೆ ಇದೆಯಲ್ಲ, ಅದು ಮಗುಗೆ ಬೇಕೇ ಬೇಕು.

ಕನ್ನಡದ್ದೇ ಹೇಳೋದಾದ್ರೆ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ', 1977ರದ್ದು, ಅನಂತಮೂರ್ತಿಯವರ ಕಥೆ. ಅದನ್ನ ನಾವೆಲ್ಲ ಬಸುರಿಯಾದ ವಿಧವೆ ಯಮುನಕ್ಕನ ಕಥೆ ಅಂತ ನೋಡ್ತೀವಿ, ಸರೀನೇ, ಆದ್ರೆ ನಂಗೆ ಈ ಕೆಲಸಕ್ಕೆ ಬಂದ್ಮೇಲೆ ನಾಣಿಯಿಂದ ಕಣ್ಣು ತೆಗೆಯೋಕೇ ಆಗಲ್ಲ. ಮನೆ ಬಿಟ್ಟು ವೇದ ಕಲಿಯೋಕೆ ಬಂದ ಹುಡುಗ, ಪ್ರೀತಿ ತೋರಿಸಿದ್ದು ಅವಳೊಬ್ಬಳು, ಅವಳಿಗೆ ಏನಾಗ್ತಿದೆ ಅಂತ ಅವನಿಗೆ ಅರ್ಧಂಬರ್ಧ ಗೊತ್ತು, ದೊಡ್ಡೋರು ಯಾರೂ ಬಿಡಿಸಿ ಹೇಳಲ್ಲ. ಕೊನೆಗೆ ಅಪ್ಪ ಬಂದು ಕರ್ಕೊಂಡು ಹೋಗೋವಾಗ ತಲೆ ಬೋಳಿಸ್ಕೊಂಡು ಕೂತಿರೋ ಅವಳನ್ನ ನೋಡ್ತಾನೆ. ಅಷ್ಟೇ. ಅವನು ವಾಸಿಯಾಗೋದನ್ನ ಯಾರೂ ತೋರಿಸಲ್ಲ, ಯಾಕಂದ್ರೆ ಅವನಿಗೆ ಏಟು ಬಿದ್ದಿದೆ ಅಂತಾನೇ ಆ ಅಗ್ರಹಾರದಲ್ಲಿ ಯಾರೂ ಅಂದ್ಕೊಂಡಿಲ್ಲ. ನನ್ನ ಹತ್ರ ಬರೋ ಎಷ್ಟೋ ಮಕ್ಕಳು ನಾಣಿಗಳೇ. ಅಮ್ಮಂಗೆ ಅಪ್ಪ ಹೊಡೆಯೋದನ್ನ ಬಾಗಿಲ ಸಂದಿಯಿಂದ ನೋಡಿದವ್ರು. "ಅವ್ನು ಮಲಗಿದ್ದ ಮೇಡಂ, ಅವ್ನಿಗೇನೂ ಗೊತ್ತಿಲ್ಲ" ಅಂತ ಹೇಳ್ತಾರೆ. ಅವನಿಗೆ ಅವತ್ತು ಯಾವ ಪಾತ್ರೆ ಬಿತ್ತು ಅನ್ನೋದೂ ಗೊತ್ತಿರತ್ತೆ.

ಇನ್ನು ಮಾತು ನಿಂತು ಹೋಗೋ ಮಗು. ಇದು ನಮ್ಮ ಸಿನಿಮಾಗಳ ಹಳೇ ಪ್ರೀತಿ, ಆಘಾತಕ್ಕೆ ಮೂಕಿಯಾದ ಹುಡುಗಿ ಕ್ಲೈಮ್ಯಾಕ್ಸಲ್ಲಿ ಅಮ್ಮನ ಮೇಲೆ ಲಾರಿ ಬರೋವಾಗ "ಅಮ್ಮಾ!" ಅಂತ ಕೂಗೋದು. ಆಘಾತದ ನಂತರ ಮಕ್ಕಳು ಮಾತು ನಿಲ್ಲಿಸೋದು ನಿಜ. ಆದ್ರೆ ಇನ್ನೊಂದು ಹೆದರಿಕೆ ಆ ಮಾತನ್ನ ವಾಪಸ್ ತರಲ್ಲ. ಹೆದರಿಕೆ ಕಮ್ಮಿ ಆದ ಕಡೆ ಅದು ತಾನಾಗೇ ಬರತ್ತೆ, ಮೊದಲು ನಾಯಿ ಹತ್ರ, ಆಮೇಲೆ ತಂಗಿ ಕಿವೀಲಿ ಪಿಸುಮಾತು, ಆಮೇಲೆ "ನೀರು" ಅನ್ನೋ ಒಂದೇ ಪದ, ಆ ಪದಕ್ಕೆ ಮನೆಯವ್ರೆಲ್ಲ ಚಪ್ಪಾಳೆ ಹೊಡೆದ್ರೆ ಮತ್ತೆ ಒಂದು ವಾರ ಬಂದ್. ಸುಮ್ನೆ ನೀರು ಕೊಡ್ಬೇಕು.

ಹೇಳಿಸೋ ವಿಷ್ಯಕ್ಕೆ ಮತ್ತೆ ಬರ್ತೀನಿ. ಘಟನೆ ಆದ ಕೂಡ್ಲೆ ಒಂದೇ ಸಿಟ್ಟಿಂಗಲ್ಲಿ ಎಲ್ಲಾ ಹೇಳಿಸಿಬಿಡೋ ಡಿಬ್ರೀಫಿಂಗ್ ಪದ್ಧತಿ ಒಂದು ಕಾಲದಲ್ಲಿ ನಮ್ಮಲ್ಲೂ ಜೋರಾಗಿತ್ತು, ಅದ್ರಿಂದ ಉಪಯೋಗ ಆಗಲ್ಲ ಅಂತ ಗೊತ್ತಾದ್ಮೇಲೆ ವಿಶ್ವ ಆರೋಗ್ಯ ಸಂಸ್ಥೆನೇ ಬೇಡ ಅಂದಿದೆ. ಈಗ ಮಕ್ಕಳಿಗೆ ಹೆಚ್ಚು ಬಳಸೋ ಟ್ರಾಮಾ ಫೋಕಸ್ಡ್ ಸಿಬಿಟಿಯಲ್ಲಿ, ಅಂದ್ರೆ ಆಘಾತಕ್ಕೆ ಅಂತಲೇ ಇರೋ, ಯೋಚನೆ ನಡವಳಿಕೆ ಮೇಲೆ ಕೆಲಸ ಮಾಡೋ ಥೆರಪಿಯಲ್ಲಿ, ಸಾಮಾನ್ಯವಾಗಿ 12ರಿಂದ 16 ಸೆಷನ್ ಇರತ್ತೆ, ಮಗು ತನ್ನ ಕಥೆ ಹೇಳೋದು ಮಧ್ಯದಲ್ಲಿ ಬರತ್ತೆ. ಅದಕ್ಕೆ ಮುಂಚೆ ಉಸಿರಾಟ, ಮೈ ಸಡಿಲ ಬಿಡೋದು, ಸಿಟ್ಟಿಗೆ ನಾಚಿಕೆಗೆ ಹೆಸರು ಹೇಳೋದು ಕಲಿಸ್ಬೇಕು, ಜೊತೆಜೊತೆಗೆ ಅಪ್ಪ ಅಮ್ಮನಿಗೂ ಸೆಷನ್ ನಡೀಬೇಕು. ಸಿನಿಮಾದಲ್ಲಿ ಅಪ್ಪ ಅಮ್ಮ ಕಾರಿಡಾರಲ್ಲಿ ಕಾಯ್ತಿರ್ತಾರೆ. ನನ್ನ ಕೆಲಸದಲ್ಲಿ ಅರ್ಧ ಸಮಯ ಹೋಗೋದೇ ಅವರ ಜೊತೆ, ಯಾಕಂದ್ರೆ ನಾನು ವಾರಕ್ಕೆ ಒಂದು ಗಂಟೆ, ಅವರು ಉಳಿದಿದ್ದೆಲ್ಲ.

ಕೋರ್ಟ್ ಸೀನೂ ಒಂದು ಇರತ್ತೆ, ಮಗು ಕಟಕಟೇಲಿ ನಿಂತು ಬೆರಳು ತೋರಿಸಿ "ಇವನೇ" ಅನ್ನತ್ತೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಅಂತ ಇರೋ 2012ರ ಪೋಕ್ಸೋ ಕಾಯ್ದೆ ಪ್ರಕಾರ ಸಾಕ್ಷ್ಯ ಹೇಳೋವಾಗ ಮಗುಗೆ ಆರೋಪಿ ಎದುರಾಗಬಾರದು, ವಕೀಲರ ಪ್ರಶ್ನೆ ಜಡ್ಜ್ ಮೂಲಕವೇ ಮಗುಗೆ ಹೋಗ್ಬೇಕು, ಪದೇ ಪದೇ ಕರೆಸಬಾರದು, ಹೇಳಿಕೆ ತಗೊಳ್ಳೋ ಪೊಲೀಸರು ಯೂನಿಫಾರ್ಮಲ್ಲಿ ಇರಬಾರದು, ಸಾಧ್ಯ ಆದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗೀಬೇಕು. ಬೆರಳು ತೋರಿಸೋ ಸೀನ್ ನೋಡಿ ನೋಡಿ, ಕೇಸ್ ಕೊಟ್ರೆ ಮಗುನ ಎಲ್ರ ಮುಂದೆ ನಿಲ್ಲಿಸ್ತಾರೆ ಅಂತ ಹೆದರಿ ಸುಮ್ನಾದ ಮನೆಗಳು ನಂಗೆ ಗೊತ್ತು. ಕಾಯ್ದೆ ಹೇಳಿದ್ದೆಲ್ಲ ನಡೆಯತ್ತೆ ಅಂತಲೂ ನಾನು ಹೇಳಲ್ಲ. ಒಂದು ಹುಡುಗಿ ಒಂದೂವರೆ ವರ್ಷದಲ್ಲಿ ಎಷ್ಟು ಚೆನ್ನಾಗಿ ಸುಧಾರಿಸಿದ್ಲು, ಸಮನ್ಸ್ ಬಂದ ರಾತ್ರೀನೇ ಮತ್ತೆ ಹಾಸಿಗೆ ಒದ್ದೆ. ಹೋದ್ರೆ ಮುಂದಿನ ತಾರೀಖು. ಮತ್ತೆ ಹೋದ್ರೆ ಮತ್ತೆ ತಾರೀಖು. ಈ ಕಾಯೋದನ್ನ ಯಾರಾದ್ರೂ ಕಥೆ ಮಾಡ್ಬೇಕು ಅಂತ ನಂಗೆ ಬಹಳ ಆಸೆ.

ಇನ್ನೊಂದು ಬಗೆ ಕಥೆ ಇದೆ, ಚಿಕ್ಕಂದಿನಲ್ಲಿ ಏಟು ತಿಂದವನು ದೊಡ್ಡೋನಾಗಿ ಕೊಲೆಗಾರ ಆಗೋದು, ಇಲ್ಲಾ ಸೇಡು ತೀರಿಸ್ಕೊಂಡು ಹಗುರ ಆಗೋದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನ ಎಮಿ ವೆರ್ನರ್ ಅನ್ನೋ ಮನಃಶಾಸ್ತ್ರಜ್ಞೆ ದಶಕಗಟ್ಟಲೆ ಹಿಂಬಾಲಿಸಿದ್ರು, ತುಂಬಾ ಕಷ್ಟದ ಮನೆಗಳಲ್ಲಿ ಬೆಳೆದವ್ರಲ್ಲೂ ಸುಮಾರು ಮೂರರಲ್ಲಿ ಒಂದು ಭಾಗ ನೆಟ್ಟಗೆ, ಪ್ರೀತಿ ಕೊಡೋ ಮನುಷ್ಯರಾಗಿ ಬೆಳೆದಿದ್ರು. ಅಂಥವರ ಬದುಕಲ್ಲಿ ಗಟ್ಟಿಯಾಗಿ ನಿಂತ ಯಾರಾದ್ರೂ ಒಬ್ರು ದೊಡ್ಡೋರು ಇರ್ತಿದ್ರು, ಅಜ್ಜಿನೋ ಚಿಕ್ಕಮ್ಮನೋ ಪಕ್ಕದ ಮನೆಯವರೋ. ನನ್ನ ಹದಿನಾರು ವರ್ಷದಲ್ಲಿ ಕಂಡಿದ್ದೂ ಅದೇ.

ಬಸ್ಸಿನ ಹುಡುಗಿ. ಹನ್ನೊಂದನೇ ವಾರ ಅನ್ಸತ್ತೆ, ಬಸ್ ಅಂಚಿಗೆ ಬಂತು, ನಿಂತ್ಕೊಂಡ್ತು. ಅವಳ ಕೈ ಬಸ್ಸಿನ ಮೇಲೇ ಇತ್ತು. "ಡ್ರೈವರ್ ಮಾಮಂಗೆ ಕಾಫಿ ಬೇಕಂತೆ" ಅಂದ್ಲು. ನಾನು ಮುಚ್ಚಳದಲ್ಲಿ ಕಾಫಿ ಕೊಟ್ಟೆ. ಬಸ್ ಹಿಂದಕ್ಕೆ ತಿರುಗ್ತು. ಅವಳು ಅಳಲಿಲ್ಲ, ನಗಲೂ ಇಲ್ಲ, ಟೈಮ್ ಆಯ್ತಾ ಅಂತ ಕೇಳಿದ್ಲು. ಅದಾಗಿ ಎರಡು ವಾರಕ್ಕೆ ಅವರಮ್ಮ ಬಂದು, "ಏನ್ ಮೇಡಂ, ಹುಷಾರಾಗ್ತಾಳೆ ಅಂದ್ರೆ ಇವ್ಳು ಎದುರು ಮಾತಾಡೋಕೆ ಶುರು ಮಾಡಿದಾಳೆ, ಅಣ್ಣನ ಜೊತೆ ರಿಮೋಟಿಗೆ ಜಗಳ, ಉಪ್ಪಿಟ್ಟು ಬೇಡ ಅಂತ ರಂಪ" ಅಂತ ಕಣ್ಣೀರು ಹಾಕಿದ್ರು. ಇಷ್ಟು ತಿಂಗಳು ಇಟ್ಟಿದ್ದನ್ನ ಇಟ್ಟ ಹಾಗೇ ತಿಂತಿದ್ದ ಮಗು ಅದು, ಈಗ ಉಪ್ಪಿಟ್ಟು ಬೇಡ ಅಂದ್ರೆ ಅಮ್ಮ ಬಿಟ್ಟು ಹೋಗಲ್ಲ ಅನ್ನೋ ಧೈರ್ಯ ಬಂದಿದೆ ಅಂತ ಬಿಡಿಸಿ ಹೇಳೋ ಹೊತ್ತಿಗೆ ನಂಗೂ ಗಂಟಲು ಕಟ್ಟಿತ್ತು.

ಹೋದ ತಿಂಗಳು ಅವರೇ ಫೋನ್ ಮಾಡಿದ್ರು. ಸ್ಕೂಲಿಂದ ಟ್ರಿಪ್ಪು, ಬಸ್ಸಲ್ಲೇ. ಹೋಗ್ತೀನಿ ಅಂದಿದಾಳೆ, ಆದ್ರೆ ಡ್ರೈವರ್ ಹಿಂದಿನ ಸೀಟೇ ಬೇಕಂತೆ, ಕಿಟಕಿ ಪಕ್ಕ ಬೇಡವಂತೆ. ಕ್ಲಾಸ್ ಮಿಸ್ ಹತ್ರ ಮಾತಾಡಿ ಆ ಸೀಟು ಇಡಿಸಿದೀವಿ.