ಕಾದ ಹೆಂಚಿನಿಂದ ಕೈ ಹಿಂದೆ ಸರಿಯುವುದು ಹೇಗೆ? ಪರಾವರ್ತಿತ ಚಾಪದ ಟಿಪ್ಪಣಿ

ನರವ್ಯೂಹದ ಭಾಗಗಳನ್ನು ಬಾಯಿಪಾಠ ಮಾಡುವ ಮೊದಲು ಒಂದೇ ಒಂದು ಸಂಕೇತದ ಬೆನ್ನು ಹತ್ತಿ ಹೋಗಿ. ಅರ್ಧ ಪಾಠ ಅಲ್ಲೇ ತಿಳಿಯುತ್ತದೆ. ವಿಭಾಗ ಇಷ್ಟೇ: ಮೆದುಳು, ಮೆದುಳುಬಳ್ಳಿ ಸೇರಿ ಕೇಂದ್ರ ನರವ್ಯೂಹ, ಮೆದುಳಿನ 12 ಜೊತೆ, ಬಳ್ಳಿಯ 31 ಜೊತೆ ನರಗಳು ಸೇರಿ ಪರಿಧಿ ನರವ್ಯೂಹ.

ದೋಸೆ ಹೆಂಚಿಗೆ ಬೆರಳು ತಾಗಿತು ಎನ್ನಿ. ಚರ್ಮದ ಗ್ರಾಹಕದಲ್ಲಿ ಹುಟ್ಟಿದ ಸಂಕೇತ ಜ್ಞಾನವಾಹಿ ನರಕೋಶದ ಮೂಲಕ ಬಳ್ಳಿಯ ಹಿಂಬದಿಯ ಬೇರಿನಿಂದ ಒಳಹೊಗುತ್ತದೆ. ಬೂದು ದ್ರವ್ಯದಲ್ಲಿ ಮಧ್ಯವರ್ತಿ ನರಕೋಶಗಳನ್ನು ದಾಟುತ್ತದೆ. ಕ್ರಿಯಾವಾಹಿ ನರಕೋಶ ಹಿಡಿದು ಮುಂಬದಿಯ ಬೇರಿನಿಂದ ಹೊರಬಂದು ಕೈ ಮಡಚುವ ಬೈಸೆಪ್ಸ್ ಸ್ನಾಯುವನ್ನು ಮುಟ್ಟುತ್ತದೆ. ಈ ಇಡೀ ದಾರಿಯೇ ಪರಾವರ್ತಿತ ಚಾಪ. ಅದೇ ಹೊತ್ತಿಗೆ ಕೈ ಚಾಚುವ ಟ್ರೈಸೆಪ್ಸ್‌ಗೆ ತಡೆ ಬೀಳುತ್ತದೆ. ಇಲ್ಲದಿದ್ದರೆ ಎರಡು ಸ್ನಾಯುಗಳೂ ಎದುರುಬದುರು ಜಗ್ಗಿ ಕೈ ಹೆಂಚಿನ ಮೇಲೇ ಉಳಿದೀತು. ಚಿತ್ರ ಬರೆಯುವಾಗ ಇಲ್ಲಿ ಎಚ್ಚರ: ಜ್ಞಾನವಾಹಿಯ ಕೋಶಕಾಯ ಬಳ್ಳಿಯೊಳಗಿಲ್ಲ, ಹೊರಗೆ, ಹಿಂಬದಿ ಬೇರಿನ ಗಂಟಿನಲ್ಲಿದೆ.

'ಮೆದುಳಿಗೆ ಸುದ್ದಿಯೇ ಹೋಗುವುದಿಲ್ಲ' ಎಂದು ಬರೆದರೆ ತಪ್ಪು. ಹೋಗುತ್ತದೆ, ಆದರೆ ತಡವಾಗಿ. ಕೈ ಸರಿದ ಮೇಲೆ 'ಹಾ!' ಎನ್ನುವುದು ಅದಕ್ಕೇ. ನೋವು ಬರುವುದೂ ಎರಡು ಕಂತಿನಲ್ಲಿ. ತೆಳುವಾದ ಮಯಲಿನ್ (ಕೊಬ್ಬಿನಂಥ ಕವಚ) ಹೊದಿಕೆಯ ಎ-ಡೆಲ್ಟಾ ನರತಂತುಗಳ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಹೊದಿಕೆಯಿಲ್ಲದ ಸಿ ತಂತುಗಳದ್ದು 0.5ರಿಂದ 2 ಮೀಟರ್. ಬಳ್ಳಿಯವರೆಗಿನ ದಾರಿ 1 ಮೀಟರ್ ಎಂದುಕೊಳ್ಳಿ: 20 ಮೀಟರ್ ವೇಗಕ್ಕೆ 0.05 ಸೆಕೆಂಡು ಸಾಕು, 1 ಮೀಟರ್ ವೇಗಕ್ಕೆ ಇಡೀ ಸೆಕೆಂಡು ಬೇಕು. ಮೊದಲು ಚುರುಕ್ಕೆನ್ನುವುದು ಎ-ಡೆಲ್ಟಾ, ಆಮೇಲೆ ಉಳಿಯುವ ಉರಿ ಸಿ.

ಸುಡುವ ಕಾಫಿ ಲೋಟವನ್ನು ಕೈಬಿಡದೆ ಮೇಜಿನವರೆಗೆ ಒಯ್ಯುತ್ತೇವಲ್ಲ, ಅದು ಮೆದುಳು ಮೇಲಿನಿಂದ ಹಾಕುವ ಕಡಿವಾಣ. ಇದು ಅರ್ಥವಾದರೆ ಮೊಣಕಾಲಿನ ಪರೀಕ್ಷೆಯೂ ಅರ್ಥವಾಗುತ್ತದೆ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತದೆ. ಜ್ಞಾನವಾಹಿ ಇಲ್ಲಿ ಕ್ರಿಯಾವಾಹಿಯನ್ನು ನೇರವಾಗಿ ಸೇರುತ್ತದೆ, ನಡುವೆ ಮಧ್ಯವರ್ತಿ ಇಲ್ಲ. ಕೂಡಲೇ ಅದೇ ಸ್ನಾಯು ಕುಗ್ಗಿ ಕಾಲು ಮುಂದಕ್ಕೆ ಚಿಮ್ಮುತ್ತದೆ. ಪಾರ್ಶ್ವವಾಯು ಬಡಿದು ಕೆಲವು ವಾರ ಕಳೆದವರಲ್ಲಿ ಕಡಿವಾಣ ಸಡಿಲಿ ಕಾಲು ವಿಪರೀತ ಜೋರಾಗಿ ಚಿಮ್ಮಬಹುದು. ಚಾಪವೇ ತುಂಡಾಗಿದ್ದರೆ ಕಾಲು ಅಲ್ಲಾಡದು. ಸಕ್ಕರೆ ಕಾಯಿಲೆ ಮೊದಲು ಉದ್ದದ ತಂತುಗಳನ್ನು ಕೆಡಿಸುವುದರಿಂದ, ಅಂಥವರಲ್ಲಿ ಮಂಡಿಗಿಂತ ಮುಂಚೆ ಹಿಮ್ಮಡಿಯ ಪ್ರತಿಕ್ರಿಯೆ ಮಾಯವಾಗುವುದು ಸಾಮಾನ್ಯ.