ಗ್ರಹಣಕ್ಕೆ ಒನಕೆ ನಿಲ್ಲುತ್ತದೆಯೇ? ಆಕಾಶದ ಬಗ್ಗೆ ಇರುವ ತಪ್ಪು ಕಲ್ಪನೆಗಳು: ಓದುವವರಿಗೊಂದು ಟಿಪ್ಪಣಿ

ಟಿಇಟಿ, ಪಿಡಿಒ, ಎಫ್‌ಡಿಎ ಅಂತ ಪರೀಕ್ಷೆಗಳಿಗೆ ಓದುತ್ತಿರುವ ವಿಜಯಪುರ, ಬಾಗಲಕೋಟೆ ಕಡೆಯ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖಗೋಳದ ಪಾಠ ಬಂದಾಗ ನಾನು ಒಂದು ಪ್ರಶ್ನೆಯನ್ನು ಕೈಯಲ್ಲೇ ಇಟ್ಟುಕೊಂಡಿರುತ್ತೇನೆ: "ಇದು ನಿಜವಾಗಿದ್ದರೆ, ಇದರ ಜೊತೆಗೆ ಇನ್ನೇನು ಆಗಬೇಕಿತ್ತು?" ಆಗಬೇಕಾದ್ದು ಆಗದಿದ್ದರೆ ಕಲ್ಪನೆ ತಪ್ಪು. ಇದಕ್ಕೆ ದೂರದರ್ಶಕ ಬೇಡ, ಪ್ರಯೋಗಾಲಯ ಬೇಡ. ಕೆಳಗಿನ ಎಲ್ಲ ವಿಷಯಕ್ಕೂ ಇದೇ ಪ್ರಶ್ನೆ ಹಾಕಿ ನೋಡೋಣ.

ಒನಕೆ ಮತ್ತು ಗ್ರಹಣ

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗ್ರಹಣ ಹಿಡಿದಾಗ ತಾಟಿನಲ್ಲಿ ನೀರು ಹಾಕಿ, ನಡುವೆ ಒನಕೆ ಇಡುತ್ತಾರೆ. ಅದು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ. ಗ್ರಹಣ ಬಿಟ್ಟ ಮೇಲೆ ನಿಲ್ಲುವುದಿಲ್ಲ ಅನ್ನುತ್ತಾರೆ. ಓಣಿಯವರೆಲ್ಲ ಬಂದು ನೋಡುತ್ತಾರೆ, ಕುಂಕುಮ ಹಚ್ಚುತ್ತಾರೆ, ಫೋಟೋ ತೆಗೆಯುತ್ತಾರೆ. ನಿಂತದ್ದು ಸುಳ್ಳಲ್ಲ, ನಿಜವಾಗಿಯೂ ನಿಲ್ಲುತ್ತದೆ. ತಪ್ಪಿರುವುದು ಕಾರಣದಲ್ಲಿ.

ಒನಕೆಯನ್ನು ತಿರುಗಿಸಿ ಅದರ ಬುಡ ನೋಡಿ. ಕುಟ್ಟುವ ತುದಿಗೆ ಕಬ್ಬಿಣದ ಬಳೆ ಹಾಕಿರುತ್ತಾರೆ. ವರ್ಷಗಟ್ಟಲೆ ಕುಟ್ಟಿ ಕುಟ್ಟಿ ಆ ಬಳೆಯ ಅಂಚು ಸವೆದು ಸಮ ಆಗಿರುತ್ತದೆ. ಒಂದು ವಸ್ತು ನಿಲ್ಲಬೇಕಾದರೆ ಅದರ ಗುರುತ್ವ ಕೇಂದ್ರದಿಂದ ಕೆಳಕ್ಕೆ ಎಳೆದ ಗೆರೆ ಬುಡದ ಒಳಗೇ ಬೀಳಬೇಕು. ಒನಕೆ ನಾಲ್ಕು ಅಡಿ ಉದ್ದ, ಬುಡ ಆರು ಸೆಂಟಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಅದು ಸುಮಾರು ಮೂರು ಡಿಗ್ರಿ ವಾಲುವವರೆಗೆ ಬೀಳುವುದಿಲ್ಲ. ಮೂರು ಡಿಗ್ರಿ ಕಡಿಮೆಯೇ, ಆದರೆ ತಾಳ್ಮೆಯಿಂದ ಹಿಡಿದು, ಮೆಲ್ಲಗೆ ಕೈ ಬಿಟ್ಟರೆ ಸಾಕಾಗುತ್ತದೆ. ನಿಲ್ಲುವುದಕ್ಕೂ ತಾಟಿನ ನೀರಿಗೂ ಸಂಬಂಧ ಇಲ್ಲ.

ಈಗ ನಮ್ಮ ಪ್ರಶ್ನೆ ಹಾಕಿ. ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವುದರಿಂದ ಒನಕೆ ನಿಲ್ಲುತ್ತದೆ ಅನ್ನುವುದಾದರೆ, ಪ್ರತಿ ಅಮಾವಾಸ್ಯೆಗೂ ನಿಲ್ಲಬೇಕು. ಅಮಾವಾಸ್ಯೆಯಲ್ಲೂ ಇಬ್ಬರೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಇರುತ್ತಾರೆ, ಎಳೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಮಾವಾಸ್ಯೆಗೆ ಯಾರಾದರೂ ಒನಕೆ ನಿಲ್ಲಿಸಿ ನೋಡುತ್ತಾರಾ? ಇಲ್ಲ. ನೋಡಿದರೆ ಅವತ್ತೂ ನಿಲ್ಲುತ್ತದೆ, ಸುಮ್ನೆ ಒಂದು ಮಂಗಳವಾರವೂ ನಿಲ್ಲುತ್ತದೆ. ಬೇರೆ ದಿನ ಯಾರೂ ಪರೀಕ್ಷೆ ಮಾಡದೇ ಇರುವುದೇ ಈ ನಂಬಿಕೆ ಉಳಿದಿರುವ ಗುಟ್ಟು. ಇನ್ನು ಎಳೆತದ ಮಾತು: ಸಮುದ್ರದಲ್ಲಿ ಭರತ ತರುವ ಚಂದ್ರನ ಸೆಳೆತ ಭೂಮಿಯ ಗುರುತ್ವದ ಮುಂದೆ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು ಮಾತ್ರ. ಅಷ್ಟು ದೊಡ್ಡ ಸಮುದ್ರ ಇರುವುದರಿಂದ ಅಲ್ಲಿ ಕಾಣುತ್ತದೆ. ಒನಕೆಯ ಮೇಲೆ ಒಂದು ಸೊಳ್ಳೆ ಕೂತರೆ ಅದರ ಭಾರ ಇದಕ್ಕಿಂತ ಜಾಸ್ತಿ.

2027ರ ಆಗಸ್ಟ್ 2ರಂದು ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಮನೆಯಲ್ಲಿ ಅವ್ವ, ಅಜ್ಜಿ ಒನಕೆ ತಂದರೆ ತಡೆಯಬೇಡಿ. ಹಿಂದಿನ ದಿನ ಅವರ ಕೈಯಿಂದಲೇ ಒಮ್ಮೆ ನಿಲ್ಲಿಸಿ ನೋಡಿ. ವಾದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಂದು ಎಚ್ಚರಿಕೆ ಮಾತ್ರ ನೂರಕ್ಕೆ ನೂರು ನಿಜ: ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬೇಡಿ. ಕಣ್ಣಿನ ಅಕ್ಷಿಪಟಲ ಸುಟ್ಟರೆ ನೋವು ಗೊತ್ತಾಗುವುದಿಲ್ಲ, ದೃಷ್ಟಿ ಹೋದ ಮೇಲೆ ತಿಳಿಯುತ್ತದೆ. ಎಕ್ಸ್‌ರೇ ಹಾಳೆ, ಕಪ್ಪು ಗಾಜು ಕೂಡ ಸಾಲದು. ಗ್ರಹಣಕ್ಕಂತಲೇ ಮಾಡಿದ ಕನ್ನಡಕ ಬೇಕು.

ಚಂದ್ರ ಸಣ್ಣದಾಗುವುದು ಭೂಮಿಯ ನೆರಳಿನಿಂದಲ್ಲ

ಡಿಗ್ರಿ ಮುಗಿಸಿದವರೂ ಇಲ್ಲಿ ತಪ್ಪುತ್ತಾರೆ. ಅಷ್ಟಮಿಯ ಅರ್ಧಚಂದ್ರನ ಕತ್ತಲೆ ಭಾಗ ಭೂಮಿಯ ನೆರಳು ಅಂದುಕೊಂಡಿರುತ್ತಾರೆ. ಭೂಮಿಯ ನೆರಳು ಯಾವಾಗಲೂ ಸೂರ್ಯನಿಗೆ ನೇರ ವಿರುದ್ಧ ದಿಕ್ಕಿಗೆ ಬೀಳುತ್ತದೆ. ಹಾಗಾದರೆ ಸೂರ್ಯ ಮತ್ತು ಅರ್ಧಚಂದ್ರ ಇಬ್ಬರೂ ಒಟ್ಟಿಗೆ ಆಕಾಶದಲ್ಲಿ ಕಾಣಲೇಬಾರದು. ಕೃಷ್ಣ ಪಕ್ಷದ ಅಷ್ಟಮಿಯ ಆಸುಪಾಸು ಬೆಳಗ್ಗೆ 8ಕ್ಕೆ ಹೊರಗೆ ಬಂದು ನೋಡಿ. ಪೂರ್ವಕ್ಕೆ ಸೂರ್ಯ, ಪಶ್ಚಿಮದ ಕಡೆ ಬಿಳಿ ಅರ್ಧಚಂದ್ರ, ಎರಡೂ ಇರುತ್ತವೆ. ಚಂದ್ರನ ಅರ್ಧ ಭಾಗಕ್ಕೆ ಯಾವಾಗಲೂ ಬಿಸಿಲು ಇರುತ್ತದೆ. ಆ ಬಿಸಿಲಿನ ಭಾಗ ನಮಗೆ ಎಷ್ಟು ಕಾಣುತ್ತದೆ ಅನ್ನುವುದು ಮಾತ್ರ ದಿನದಿನಕ್ಕೆ ಬದಲಾಗುತ್ತದೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಹುಣ್ಣಿಮೆಯ ದಿನ, ಚಂದ್ರಗ್ರಹಣವಾದಾಗ. ಚಂದ್ರನ ಹಾದಿ ಸುಮಾರು 5 ಡಿಗ್ರಿ ಓರೆಯಾಗಿ ಇರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ.

ಇದರ ತಮ್ಮನಂಥ ಇನ್ನೊಂದು ತಪ್ಪು: ಚಂದ್ರನ ಹಿಂಬದಿ ಯಾವಾಗಲೂ ಕತ್ತಲೆ, ಚಂದ್ರಯಾನ-3 ಅಲ್ಲೇ ಇಳಿಯಿತು. ಎರಡೂ ಸರಿಯಲ್ಲ. ನಮಗೆ ಅಮಾವಾಸ್ಯೆ ಇದ್ದಾಗ ಹಿಂಬದಿಯಲ್ಲಿ ಪೂರ್ತಿ ಬಿಸಿಲು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದದ್ದು ನಮಗೆ ಕಾಣುವ ಮುಖದಲ್ಲೇ, ದಕ್ಷಿಣ ಧ್ರುವದ ಕಡೆ. ಅದು ಕೆಲಸ ಮಾಡಿದ್ದು ಸೌರ ಫಲಕಗಳ ವಿದ್ಯುತ್ತಿನಿಂದ. ಅಲ್ಲಿ ಕತ್ತಲೆ ಇದ್ದಿದ್ದರೆ ಮೊದಲ ದಿನವೇ ಕೆಲಸ ನಿಲ್ಲಬೇಕಿತ್ತು, ಅಲ್ವಾ?

ಬೇಸಿಗೆಗೆ ಕಾರಣ ಹತ್ತಿರ, ದೂರ ಅಲ್ಲ

"ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆ." ಕೇಳಲು ಸರಿ ಅನ್ನಿಸುತ್ತದೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಅಂದರೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಗೆ ಜನ ಶಾಲು ಹೊದ್ದು ಬರುವ ಹೊತ್ತಿಗೆ ಸೂರ್ಯ ನಮಗೆ ಹೆಚ್ಚುಕಡಿಮೆ ಅತಿ ಹತ್ತಿರದಲ್ಲೇ ಇರುತ್ತಾನೆ! ಅದೂ ಅಲ್ಲದೆ, ದೂರವೇ ಕಾರಣವಾಗಿದ್ದರೆ ಇಡೀ ಭೂಮಿಗೆ ಒಂದೇ ಸಲ ಬೇಸಿಗೆ ಬರಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಜನವರಿ ಬೇಸಿಗೆ.

ನಿಜವಾದ ಕಾರಣ ಭೂಮಿಯ ಅಕ್ಷ 23.5 ಡಿಗ್ರಿ ಓರೆಯಾಗಿರುವುದು. ಡಿಸೆಂಬರ್ ಕೊನೆಗೆ ವಿಜಯಪುರದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 50 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ. ಓರೆ ಬಿಸಿಲು ಜಾಸ್ತಿ ಜಾಗಕ್ಕೆ ಹರಡುತ್ತದೆ. ಹಗಲೂ 11 ಗಂಟೆ ಚಿಲ್ಲರೆ. ಜೂನ್‌ನಲ್ಲಿ ಹಗಲು 13 ಗಂಟೆ.

ಇಲ್ಲೇ ಸೇರಿಕೊಂಡಿರುವ ಇನ್ನೊಂದು ತಪ್ಪು, ನನಗೆ ಬಹಳ ಇಷ್ಟವಾದದ್ದು: ದಿನಾ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಅನ್ನುವುದು. ನಮ್ಮ ಜಿಲ್ಲೆಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಒಂದು ಮೇ ಮೊದಲ ವಾರದಲ್ಲಿ, ಇನ್ನೊಂದು ಆಗಸ್ಟ್ ಮೊದಲ ಹತ್ತು ದಿನಗಳಲ್ಲಿ. ಬೆಳಗಾವಿಗೂ ವಿಜಯಪುರಕ್ಕೂ ಮೂರ್ನಾಲ್ಕು ದಿನ ವ್ಯತ್ಯಾಸ ಬರುತ್ತದೆ. ಅವತ್ತು ಕೂಡ 12ಕ್ಕೆ ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ವಿಜಯಪುರ ಇರುವುದು ಸುಮಾರು 75.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮಗೆ 27 ನಿಮಿಷ ತಡ. ಮೇ ತಿಂಗಳಲ್ಲಿ ಬೇರೊಂದು ಕಾರಣಕ್ಕೆ ಸುಮಾರು 3 ನಿಮಿಷ ಕಡಿಮೆಯಾಗಿ, 12 ಗಂಟೆ 24 ನಿಮಿಷದ ಹೊತ್ತಿಗೆ ನೆತ್ತಿಗೆ ಬರುತ್ತಾನೆ. ಮಾಳಿಗೆ ಮೇಲೆ ಸಮನಾದ ಜಾಗದಲ್ಲಿ ಒಂದು ಸ್ಟೀಲ್ ಲೋಟ ಬೋರಲು ಹಾಕದೆ, ನೆಟ್ಟಗೆ ಇಡಿ. 12:10ಕ್ಕೆ ಸಣ್ಣ ನೆರಳು ಪಶ್ಚಿಮಕ್ಕೆ ಇರುತ್ತದೆ. ಅದು ಕರಗುತ್ತಾ ಬಂದು ಬುಡದಲ್ಲೇ ಸೇರುತ್ತದೆ, ಲೋಟದ ಒಳಗಿನ ತಳಕ್ಕೆಲ್ಲ ಬಿಸಿಲು ಬೀಳುತ್ತದೆ. ಆಮೇಲೆ ನೆರಳು ಪೂರ್ವಕ್ಕೆ ಹೊರಡುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್‌ವರೆಗೆ ನಮ್ಮ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ ಅನ್ನುವುದನ್ನೂ ಗಮನಿಸಿ. ಮೋಡ ಬಿಡಬೇಕಷ್ಟೆ. ಆ ಮಳೆ, ಮೋಡಗಳಿಂದಲೇ ಜೂನ್‌ಗಿಂತ ಮೇ ನಮಗೆ ಜಾಸ್ತಿ ಬಿಸಿ.

ಬೇಗ ಮುಗಿಯುವ ಕೆಲವು

ನಕ್ಷತ್ರ ಉದುರುತ್ತದೆ ಅನ್ನುತ್ತಾರೆ. ಸೂರ್ಯನೂ ಒಂದು ನಕ್ಷತ್ರ, ಅಡ್ಡಳತೆಯಲ್ಲಿ ಭೂಮಿಯ 109 ಪಟ್ಟು. ಅಂಥದ್ದು ಬಿದ್ದರೆ ಹೇಳಲು ಯಾರೂ ಉಳಿಯುವುದಿಲ್ಲ. ಉರಿಯುವುದು ಕಾಳಿನಷ್ಟು, ಮರಳಿನಷ್ಟು ಚೂರು, ನೆಲದಿಂದ ಸುಮಾರು 100 ಕಿ.ಮೀ. ಮೇಲೆ. ಚಂದ್ರನಿಂದ ಚೀನಾದ ಮಹಾಗೋಡೆ ಕಾಣುತ್ತದೆ ಅನ್ನುವುದೂ ಸುಳ್ಳು. ಗೋಡೆ ಉದ್ದ ಇದೆ, ಅಗಲ ಒಂದು ರಸ್ತೆಯಷ್ಟು. 2003ರಲ್ಲಿ ಕಕ್ಷೆಗೆ ಹೋಗಿ ಬಂದ ಚೀನಾದವರೇ ಆದ ಯಾಂಗ್ ಲಿವೈ ತಮಗೆ ಕಾಣಲಿಲ್ಲ ಎಂದರು. ಸಿನಿಮಾದ ಬಾಹ್ಯಾಕಾಶ ಸ್ಫೋಟದ ಸದ್ದಿನ ಬಗ್ಗೆ ಹೇಳುವುದಾದರೆ, ಗೋಳಗುಮ್ಮಟದಲ್ಲಿ ಪಿಸುಮಾತು ಗೋಡೆ ಹಿಡಿದು ಆಚೆ ಬದಿಗೆ ಹೋಗುವುದು ಒಳಗೆ ಗಾಳಿ ಇರುವುದರಿಂದ. ಗಾಳಿ ತೆಗೆದರೆ ಕೂಗಿದರೂ ಕೇಳದು.

ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲವೇ?

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡಿದ್ದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಗುರುತ್ವ ಇಲ್ಲ ಅಂದುಕೊಂಡವರು ದೂರ ನೋಡಿ: ನಿಲ್ದಾಣ ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ವಿಜಯಪುರದಿಂದ ಬೆಂಗಳೂರು ಅದಕ್ಕಿಂತ ದೂರ. ಅಲ್ಲಿಗೇ ಗುರುತ್ವ ಮುಗಿಯುವುದಾದರೆ 3.84 ಲಕ್ಷ ಕಿ.ಮೀ. ದೂರದ ಚಂದ್ರನನ್ನು ಹಿಡಿದಿಟ್ಟದ್ದು ಯಾವುದು? ಆ ಎತ್ತರಕ್ಕೆ ಒಂದು ಗೋಪುರ ಕಟ್ಟಿ, ತುದಿಯಲ್ಲಿ ತೂಕದ ಯಂತ್ರ ಇಟ್ಟರೆ, ಇಲ್ಲಿ 60 ಕೆ.ಜಿ. ತೂಗುವವರು ಅಲ್ಲಿ 53 ಕೆ.ಜಿ. ತೂಗುತ್ತಾರೆ.

ತೇಲುವುದು ಹೇಗೆ ಹಾಗಾದರೆ? ನಿಲ್ದಾಣವೂ ಒಳಗಿನ ಜನರೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ. ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರಿಗಿಂತ ಸ್ವಲ್ಪ ಜಾಸ್ತಿ ಕೆಳಕ್ಕೆ ಬೀಳುತ್ತಾರೆ. ಅದೇ ಸೆಕೆಂಡಿನಲ್ಲಿ ಸುಮಾರು 7.7 ಕಿ.ಮೀ. ಮುಂದಕ್ಕೆ ಹೋಗಿರುತ್ತಾರೆ. ಅಷ್ಟು ದೂರದಲ್ಲಿ ಭೂಮಿಯ ಮೈಯೂ ಅಷ್ಟೇ ನಾಲ್ಕು ಮೀಟರ್ ಬಾಗಿ ಕೆಳಗಿಳಿದಿರುತ್ತದೆ. ಹಾಗಾಗಿ ನೆಲ ಸಿಗುವುದೇ ಇಲ್ಲ, ಸುಮಾರು 90 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ "ಅಲ್ಲಿ ಗುರುತ್ವ ಇರುವುದಿಲ್ಲ" ಎಂದು ಬರೆಯಬೇಡಿ. "ನಿಲ್ದಾಣ ಮತ್ತು ಯಾತ್ರಿ ಇಬ್ಬರೂ ಮುಕ್ತ ಪತನದಲ್ಲಿ ಇರುವುದರಿಂದ ತೂಕದ ಅನುಭವ ಆಗುವುದಿಲ್ಲ" ಎಂದು ಬರೆಯಿರಿ. ಜಾಗ ಇದ್ದರೆ 400 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದ ಮೇಲಿನದರ ಶೇ. 88ರಷ್ಟು ಇರುತ್ತದೆ ಎಂದು ಸೇರಿಸಿ.