ಸ್ವರದ ತಲೆ ಕತ್ತರಿಸಿದರೆ

1954ರ ಹಿಂದಿ ಚಿತ್ರ ‘ನಾಗಿನ್’ನ ಪುಂಗಿ ಕೇಳಿ ಥಿಯೇಟರಿಗೆ ಹಾವು ಬರುತ್ತಿತ್ತು ಎಂದು ನಂಬುವವರು ಮಾಟುಂಗ, ಡೊಂಬಿವಲಿಯ ನಮ್ಮ ಕನ್ನಡ ಮನೆಗಳಲ್ಲಿ ಇವತ್ತಿಗೂ ಇದ್ದಾರೆ. ಓದಿದವರೇ ಹೀಗೆ ಹೇಳಿದಾಗ ಬೇಸರವಾಗುತ್ತದೆ. ಹಾವಿಗೆ ಹೊರಕಿವಿ ಇಲ್ಲ, ಕಿವಿತಮಟೆಯೂ ಇಲ್ಲ. ನೆಲದ ಅದುರು, ಗಾಳಿಯಲ್ಲಿ ಬರುವ ತಗ್ಗು ಸದ್ದು ಅದಕ್ಕೆ ತಿಳಿಯುತ್ತದೆ. ಹಾವಾಡಿಗನ ಮುಂದೆ ಅದು ತಲೆ ಆಡಿಸುವುದು ಪುಂಗಿ ಅಲುಗಾಡುವುದನ್ನು ನೋಡಿ.

ಇದಕ್ಕಿಂತ ಸೊಗಸಾದ ಸಂಗತಿ ಬೇರೆ ಇದೆ. ಆ ಚಿತ್ರದಲ್ಲಿ ಕೇಳುವುದು ಪುಂಗಿಯೇ ಅಲ್ಲ! ಹೇಮಂತ್ ಕುಮಾರ್ ಅವರ ಸಂಗೀತಕ್ಕೆ ಕಲ್ಯಾಣ್‌ಜೀ ನುಡಿಸಿದ ಕ್ಲಾವಿಯೊಲಿನ್ ಅದು. ಹಳೇ ರೇಡಿಯೋಗಳಲ್ಲಿದ್ದಂಥ ವಾಲ್ವ್‌ಗಳಿಂದ ಸದ್ದು ಹುಟ್ಟಿಸುವ ಪುಟ್ಟ ಕೀಬೋರ್ಡ್. 1962ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ವಾದ್ಯ ಟೆಲ್‌ಸ್ಟಾರ್ ಉಪಗ್ರಹದ ಹೆಸರಿನ ಟ್ಯೂನ್ ನುಡಿಸಿತು. ಮುಂಬೈಗೆ ಹಾವು ಕೇಳಿಸಿತು, ಲಂಡನ್ನಿಗೆ ಬಾಹ್ಯಾಕಾಶ.

ಹಾಗಾದರೆ ಸೈನ್ಸ್ ಫಿಕ್ಷನ್ ಧಾರಾವಾಹಿಗಳ ಸಂಗೀತ ಬೇರೆ ಲೋಕದ್ದು ಅನ್ನಿಸುವುದು ಯಾಕೆ? ಅಭ್ಯಾಸ ಒಂದು ಕಾರಣ. ಇನ್ನೊಂದು, ನನಗೆ ಬಹಳ ಪ್ರಿಯವಾದದ್ದು, ಸ್ವರ ಶುರುವಾಗುವ ರೀತಿ. ಸ್ಟುಡಿಯೋದವರು ಅದನ್ನು ಅಟ್ಯಾಕ್ ಎನ್ನುತ್ತಾರೆ. ತಂತಿಗೆ ಉಗುರು ತಾಗಿದ, ಗಂಟೆಗೆ ಪೆಟ್ಟು ಬಿದ್ದ, ಕೊಳಲಿಗೆ ಉಸಿರು ಹೊಕ್ಕ ಕ್ಷಣ. ಹೆಚ್ಚೆಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಹತ್ತಾರು ಕಂಪನಗಳು ಒಟ್ಟಿಗೆ ಏಳುತ್ತವೆ, ಕೆಲವು ಆಗಲೇ ಅಡಗುತ್ತವೆ. ಇದು ಯಾವ ವಾದ್ಯ ಎಂದು ಗುರುತಿಸಲು ಮಿದುಳು ಆ ಕ್ಷಣವನ್ನೇ ಜಾಸ್ತಿ ನೆಚ್ಚಿಕೊಂಡಿದೆ. ಕಾವಲಿಗೆ ಹಿಟ್ಟು ಬಿದ್ದ ‘ಚುಂಯ್’ ಕೇಳಿದರೆ ದೋಸೆ ಅಂತ ಗೊತ್ತಾಗುತ್ತೆ. ಆಮೇಲಿನ ಸಣ್ಣ ಸದ್ದಷ್ಟೇ ಕೇಳಿದವರಿಗೆ ಅದು ಮಳೆಯೂ ಇರಬಹುದು, ಅಲ್ವಾ? 1948ರಲ್ಲಿ ಪ್ಯಾರಿಸ್ಸಿನ ಪಿಯರ್ ಶೆಫರ್ ಗಂಟೆಯ ಸದ್ದಿನಿಂದ ಪೆಟ್ಟನ್ನು ತೆಗೆದುಬಿಟ್ಟರು. ಉಳಿದದ್ದು ಊದುವ ವಾದ್ಯದಂತೆ ಕೇಳಿಸಿತು. ನೀವೂ ವೀಣೆಯ ಒಂದು ಮೀಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಶುರುವಿನ ತುದಿ ಕತ್ತರಿಸಿ ಕೇಳಿ.

ಬಿಬಿಸಿಯ ಸೈನ್ಸ್ ಫಿಕ್ಷನ್ ಧಾರಾವಾಹಿ ‘ಡಾಕ್ಟರ್ ಹೂ’ದ ಶೀರ್ಷಿಕೆ ಸಂಗೀತ 1963ರದ್ದು. ಅಂಧೇರಿಯ ಸ್ಟುಡಿಯೋಗಳಲ್ಲಿರುವ ನಮ್ಮ ಹುಡುಗರು ಸಹ ‘ಸಿಂಥ್‌ನಲ್ಲಿ ಮಾಡಿರ್ತಾರೆ’ ಎನ್ನುತ್ತಾರೆ. ಸಿಂಥ್ ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್; ಮೂಗ್ ಸಿಂಥಸೈಜರ್ ಬಂದದ್ದೇ 1964ರಲ್ಲಿ! ರಾನ್ ಗ್ರೈನರ್ ಬರೆದ ಸ್ವರಗಳನ್ನು ಡೀಲಿಯಾ ಡರ್ಬಿಶೈರ್ ಟೇಪಿನ ಮೇಲೆ ಒಂದೊಂದಾಗಿ ಕಟ್ಟಿದರು. ಮೀಟಿದ ಒಂದು ತಂತಿ, ಒಂದೇ ಸಮನೆ ಸ್ವರ ಹೊರಡಿಸುವ ಆಸಿಲೇಟರ್ ಯಂತ್ರಗಳು, ಬರೀ ‘ಶ್ಶ್’ ಎನ್ನುವ ಸದ್ದು. ಟೇಪಿನ ವೇಗ ಬದಲಿಸಿ ಶ್ರುತಿ ಪಡೆದು, ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದರು. ಟೇಪ್ ಸೆಕೆಂಡಿಗೆ 38 ಸೆಂ.ಮೀ. ಓಡಿದರೆ, ಅಟ್ಯಾಕ್ ಎಂಬುದು ಬೆರಳಿಗೆ ಸಿಗುವ ನಾಲ್ಕು ಸೆಂ.ಮೀ. ತುಂಡು! ಮುಂದೊಮ್ಮೆ ಅವರು ಲೋಹದ ಲ್ಯಾಂಪ್‌ಶೇಡ್ ಬಡಿದು, ಪೆಟ್ಟನ್ನು ಬಿಟ್ಟು, ಗುಂಯ್‌ಗುಡುವಿಕೆಯನ್ನಷ್ಟೇ ಹಿಡಿದರು. ಅದರೊಳಗಿನ 12 ಬಲವಾದ ಕಂಪನಗಳನ್ನು 12 ಆಸಿಲೇಟರ್‌ಗಳಲ್ಲಿ ಮತ್ತೆ ಹುಟ್ಟಿಸಿದರು. ಇಂಥ ಕೆಲಸ ಮಾಡಿದವರ ಹೆಸರು ಆ ಧಾರಾವಾಹಿಯ ತೆರೆಯ ಮೇಲೆ ಬಂದದ್ದು 2013ರಲ್ಲಿ, ಅವರು ತೀರಿಕೊಂಡು 12 ವರ್ಷವಾದ ಮೇಲೆ. ಇದು ಅನ್ಯಾಯ.

ಉಲ್ಟಾ ಉದಾಹರಣೆಯೂ ಇದೆ. 1966ರ ‘ಸ್ಟಾರ್ ಟ್ರೆಕ್’ ಶೀರ್ಷಿಕೆಯಲ್ಲಿ ತೇಲುವ ದನಿಯನ್ನು ಅನೇಕರು ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಎಂದುಕೊಂಡಿದ್ದಾರೆ. ಹಾಡಿದವರು ಲೂಲಿ ಜೀನ್ ನಾರ್ಮನ್. ಪದಗಳಿಲ್ಲ, ಬರೀ ಆಲಾಪ. ಮನುಷ್ಯರ ದನಿಗೆ ಪೆಟ್ಟು ಕೊಡುವುದು ಕ, ತ, ಪಗಳು. ಅವನ್ನು ತೆಗೆದರೆ ಗಂಟಲೂ ಯಂತ್ರದಂತೆ ಕೇಳಿಸಬಹುದು.

ಹಾಗಾಗಿ ಆರ್ಕೆಸ್ಟ್ರಾ ಮೇಲೋ ಎಲೆಕ್ಟ್ರಾನಿಕ್ ಮೇಲೋ ಎಂಬ ಜಗಳ ಸುಮ್ನೆ. ಮೆಲ್ಲಗೆ ಕಮಾನು ಎಳೆದ ವಯಲಿನ್‌ಗಳಿಗೂ ಪೆಟ್ಟು ಕಡಿಮೆ. ಅದಕ್ಕೇ ಅವು ಸಿಂಥ್ ಜೊತೆ ಬೆರೆತರೆ ಬೆಸುಗೆ ಕಾಣುವುದಿಲ್ಲ. 2004ರಲ್ಲಿ ಶುರುವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಸರಣಿಯಲ್ಲಿ ಬೇರ್ ಮೆಕ್ರಿಯರಿ ಪೆಟ್ಟಿನ ಕೆಲಸವನ್ನು ಜಪಾನಿನ ತೈಕೊ ಡೋಲಿಗೆ, ಸ್ವರ ಎಳೆಯುವ ಕೆಲಸವನ್ನು ಆರ್ಮೇನಿಯಾದ ಊದುವ ವಾದ್ಯ ದುದುಕ್‌ಗೆ ವಹಿಸಿದರು. 2005ರಲ್ಲಿ ‘ಡಾಕ್ಟರ್ ಹೂ’ ಮತ್ತೆ ಶುರುವಾದಾಗ ಮರ್ರೆ ಗೋಲ್ಡ್ ಡರ್ಬಿಶೈರ್ ಅವರ ಸದ್ದುಗಳನ್ನು ಉಳಿಸಿಕೊಂಡೇ ಮೇಲೆ ಆರ್ಕೆಸ್ಟ್ರಾ ಕೂರಿಸಿದರು.

ನರಿಮನ್ ಪಾಯಿಂಟ್‌ನ ಕಲಾಕೇಂದ್ರ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ನುಡಿಸುವಾಗ ಆಳೆತ್ತರದ ವಯಲಿನ್‌ನಂಥ ಡಬಲ್ ಬಾಸ್‌ನವರನ್ನು ಗಮನಿಸಿ. ಕಮಾನು ಬಿಟ್ಟು ಬೆರಳಿನಿಂದ ಮೀಟಿದಾಗ ತಂತಿ ಅದೇ, ಸ್ವರವೂ ಅದೇ. ಆದರೆ ಕಣ್ಣು ಮುಚ್ಚಿ ಕೇಳಿದರೆ ವಾದ್ಯವೇ ಬೇರೆ.